ಚಾವಿ ತಕ್ಕೊಳ್ಳಿ, ತಾಂಡೇಲರೇ

ಬಾಡಿಗೆಗೆ ಮನೆ ಹಿಡಿಯುವಾಗ ಮಾಲಕರು ಕರೆಯದೆಯೂ ಬರುತ್ತಾರೆ. ನಲ್ಲಿ ತಿರುಗಿಸಿ ತೋರಿಸುತ್ತಾರೆ, ಸ್ವಿಚ್ಚು ಹಾಕಿ ತೋರಿಸುತ್ತಾರೆ, ಗೋಡೆಗೆ ಮೊಳೆ ಹೊಡೆಯಬೇಡಿ ಎಂದು ಮೂರು ಸಲ ಹೇಳುತ್ತಾರೆ. ಮನೆ ಬಿಡುವ ಹೊತ್ತಿಗೆ ಮಾತ್ರ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ. ನನಗಂತೂ ಮೂರು ಮನೆಗಳಲ್ಲಿ ಹೀಗಾಗಿದೆ. ಎರಡೇ ಮನೆ ಎಂದು ಹೆಂಡತಿ ಹೇಳುತ್ತಾಳೆ. ಅವಳ ಲೆಕ್ಕ ಸರಿಯಿರಬಹುದು. ಆದರೆ ಕಥೆ ಹೇಳುತ್ತಿರುವವನು ನಾನು.

ಅದರಲ್ಲಿ ಕಾರವಾರದ ಮನೆಯದ್ದು ಬೇರೆಯೇ ಸಂಗತಿ. ಆ ಮಾಲಕರು ನಿಜಕ್ಕೂ ಭೂಮಿಯ ಮೇಲೆ ಇರುತ್ತಿರಲಿಲ್ಲ.

ಒಂದು ಕಾಯಿ, ಎರಡು ಹೋಳು

ನಾನಾಗ ಕಾರವಾರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಹೆಡ್‌ಮಾಸ್ತರರ ಛತ್ರಿಯೊಳಗೆ ಚಾಕ್‌ಪುಡಿ ತುಂಬಿದ್ದು ಯಾರೆಂದು ಆ ಶಾಲೆಯಲ್ಲಿ ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗುವುದೂ ಬೇಡ.

ಮನೆ ಕಾಜುಬಾಗದಲ್ಲಿತ್ತು. ಹಂಚಿನ ಮಾಡು, ಎದುರಿಗೆ ಎರಡು ತೆಂಗಿನ ಮರ, ಹಿಂದೆ ಬಾವಿ. ಮಾಲಕರು ಮೀನು ಹಿಡಿಯುವ ಬೋಟಿನ ತಾಂಡೇಲರು; ಅಂದರೆ ಬೋಟು ನಡೆಸುವ, ಬಲೆ ಎಲ್ಲಿ ಬಿಡಬೇಕೆಂದು ಹೇಳುವ ಹಿರಿಯ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ವರ್ಷದ ಒಂಬತ್ತು ತಿಂಗಳು ಸಮುದ್ರದಲ್ಲಿ, ಮಳೆಗಾಲದಲ್ಲಿ ಬೋಟು ಮೇಲೆ ಬಂದರೆ ಅವರ್ಸಾದಲ್ಲಿ ಅಕ್ಕನ ಮನೆಯಲ್ಲಿ. ಸ್ವಂತ ಮನೆಯಲ್ಲಿ ಒಬ್ಬರೇ ಇರಲು ಬೇಸರವೆಂದು ನಮಗೆ ಕೊಟ್ಟಿದ್ದರು. ಒಂದು ಸಣ್ಣ ಕೋಣೆಗೆ ಮಾತ್ರ ಬೀಗ ಹಾಕಿ ತಮ್ಮ ಸಾಮಾನು ಇಟ್ಟುಕೊಂಡಿದ್ದರು.

ನಾವು ಬಂದ ದಿನ ಹೊಸ್ತಿಲಲ್ಲಿ ನಿಂತು ಹೇಳಿದರು: "ಎರಡೇ ಮಾತು ಮಾಸ್ತರ್ರೆ. ನಾನು ನಿಮಗೆ ಯಾವತ್ತೂ ಮನೆ ಬಿಡಿ ಅನ್ನುದಿಲ್ಲ. ನೀವು ಬಿಡುವಾಗ ನನಗೆ ಹೇಳ್ಬೇಕು, ಚಾವಿ ನನ್ನ ಕೈಗೇ ಕೊಡ್ಬೇಕು."

ನಮಗಿಂತ ಮುಂಚೆ ಇದ್ದವನು ಹೇಳದೆ ಕೇಳದೆ, ಬಾವಿಕಟ್ಟೆಯ ಕಲ್ಲಿನಡಿ ಚಾವಿ ಇಟ್ಟು ಹೋಗಿದ್ದನಂತೆ. ಅದೇ ವಾರ ತಾಂಡೇಲರ ಬಲೆ ನೀರೊಳಗಿನ ಬಂಡೆಗೆ ಸಿಕ್ಕಿ ಚಿಂದಿಯಾಯಿತಂತೆ. ಎರಡಕ್ಕೂ ಏನು ಸಂಬಂಧ ಎಂದು ನಾನು ಕೇಳಬಹುದಿತ್ತು. ಆದರೆ ಹೊಸ ಮನೆಯ ಹೊಸ್ತಿಲಲ್ಲಿ ಮಾಲಕರಿಗೆ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ.

ಮಾತು ಗಟ್ಟಿಯಾಗಲೆಂದು ಮೆಟ್ಟಿಲಿಗೆ ಒಂದು ಕಾಯಿ ಒಡೆದು, ಒಂದು ಹೋಳು ತಾವಿಟ್ಟುಕೊಂಡು ಇನ್ನೊಂದನ್ನು ನಮ್ಮ ಕಡೆ ಚಾಚಿದರು. ನನ್ನ ತೋಳಿನಲ್ಲಿ ಹಾಸಿಗೆ ಸುರುಳಿ ಇತ್ತು. ಹಾಗಾಗಿ ಹೋಳನ್ನು ತೆಗೆದುಕೊಂಡವಳು ಹೆಂಡತಿ. ಮರುದಿನವೇ ಅದನ್ನು ತುರಿದು ಮೀನುಸಾರು ಮಾಡಿದಳು. ಕಾಯಿ ಹೊಟ್ಟೆಗೆ ಹೋಯಿತು. ಮಾತು ಮಾತ್ರ ಅವಳ ಕೈಯಲ್ಲೇ ಉಳಿಯಿತು.

ಮೊದಲ ಸಲ ಮನೆ ಬಿಟ್ಟದ್ದು

ಮೂರನೇ ವರ್ಷದ ಒಂದು ಸಂಜೆ ತಾಂಡೇಲರು ತಮ್ಮ ಕೋಣೆಯಿಂದ ಏನೋ ಒಯ್ಯಲು ಬಂದಿದ್ದರು. ನನಗೆ ಆ ಹೊತ್ತಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಮುಖ ಸಣ್ಣ ಮಾಡಿಕೊಂಡು, "ತಾಂಡೇಲರೇ, ನಾವು ಮನೆ ಬಿಡ್ತೇವೆ," ಎಂದೆ.

ಅವರು ಚಹಾದ ಕಪ್ಪನ್ನು ಅರ್ಧಕ್ಕೇ ಇಟ್ಟು ಎದ್ದು ಹೋದರು. ಬೆಳಿಗ್ಗೆ ಬಾಗಿಲು ತೆಗೆದರೆ ಏಣಿ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ಒಂದು ಬುಟ್ಟಿ ಇಸ್ವಾಣ ಮೀನು. "ಮಾಡು ಸೋರ್ತದೆ ಅಂತ ಅಲ್ದಾ? ನೀವು ಹೇಳ್ತಿದ್ರಿ ಎರಡು ವರ್ಷದಿಂದ. ನಂದೇ ತಪ್ಪು," ಎಂದು ಮೇಲೆ ಹತ್ತಿಯೇ ಬಿಟ್ಟರು. ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂತು ಒಡೆದ ಹಂಚನ್ನೆಲ್ಲ ಬದಲಾಯಿಸಿದರು.

ಒಳ್ಳೆಯ ತಮಾಷೆಯನ್ನು ಯಾವಾಗ ನಿಲ್ಲಿಸಬೇಕೆಂದು ನನಗೆ ಗೊತ್ತು. ಕೊನೆಯ ಹಂಚು ಕೂತ ಮೇಲೆ ನಿಲ್ಲಿಸಿದೆ.

ತಾಂಡೇಲರು ಏಣಿಯ ಮೇಲೆ ನಿಂತೇ ನಕ್ಕರು. ಸ್ವಲ್ಪ ಹೆಚ್ಚೇ ಹೊತ್ತು ನಕ್ಕರು. ಇಳಿದು ಬಂದು ಕೈ ಕೊಡವಿಕೊಂಡು ಹೇಳಿದರು: "ಆಯ್ತು ಮಾಸ್ತರ್ರೆ. ಇನ್ನು ನೀವು ಮನೆಗೆ ಬೆಂಕಿ ಬಿತ್ತು ಅಂದ್ರೂ ನಾನು ಹೊಗೆ ಕಂಡ ಮೇಲೆಯೇ ಬರುದು."

ಇಸ್ವಾಣ ಬಹಳ ರುಚಿಯಾಗಿತ್ತು.

ನನ್ನ ಪತ್ರ, ನನ್ನದೇ ಮನೆ

ಒಂಬತ್ತನೇ ವರ್ಷ ನನಗೆ ಅಂಕೋಲೆಯ ಹತ್ತಿರದ ಭಾವಿಕೇರಿಗೆ ವರ್ಗವಾಯಿತು. ಆರು ತಿಂಗಳು ದಿನಾ ಕಾರವಾರದಿಂದ ಬಸ್ಸು ಹಿಡಿದೆ. ಬೆಳಿಗ್ಗೆ ನಿಂತು ಹೋಗುವುದು, ಸಂಜೆ ನಿಂತು ಬರುವುದು. ಇಡೀ ದಿನದಲ್ಲಿ ನಾನು ಕೂರುತ್ತಿದ್ದದ್ದು ಕ್ಲಾಸಿನಲ್ಲಿ ಮಾತ್ರ. ಮಗಳು ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಹೋಗಬೇಕಿತ್ತು, ಅವಳಿಗೆ ಅಂಕೋಲೆಯಲ್ಲಿ ಸೀಟು ಸಿಕ್ಕಿತು. ಅಲ್ಲೇ ಶಾಲೆಯ ಹತ್ತಿರ ಒಂದು ಮನೆಯೂ ಸಿಕ್ಕಿತು. ಅದರ ಮಾಲಕರು ಮಾವಿನ ವ್ಯಾಪಾರಿ, ಮಾತು ಕಡಿಮೆ. "ಒಂದನೇ ತಾರೀಕಿಗೆ ನಿಮ್ಮ ಒಲೆ ಹತ್ತಿದರೆ ಮನೆ ನಿಮ್ಮದು. ಇಲ್ಲದಿದ್ದರೆ ಎರಡನೇ ತಾರೀಕಿಗೆ ಬೇರೆಯವರು ಬರ್ತಾರೆ," ಎಂದರು.

ತಾಂಡೇಲರು ಬೋಟು ಮೇಲೆ ತರುವುದು ಜೂನ್ ಅರ್ಧ ಕಳೆದ ಮೇಲೆ. ಈ ಹದಿನೈದು ದಿನದ ಅಂತರದಲ್ಲಿ ನಮ್ಮ ಸಂಸಾರ ಸಿಕ್ಕಿಹಾಕಿಕೊಂಡಿತು.

"ಚಾವಿ ಪಕ್ಕದ ಮನೆಯಲ್ಲಿ ಕೊಟ್ಟು ಹೋಗೋಣ," ಎಂದೆ.

"ಕೊಡಿ. ನಿಮ್ಮ ಚಾವಿ ಕೊಟ್ಟು ನೀವು ಹೋಗಿ. ಕಾಯಿ ಹಿಡಿದವಳು ನಾನು. ಅವರು ಸಮುದ್ರದಲ್ಲಿರುವಾಗ ಹೇಳದೆ ಮನೆ ಬಿಟ್ಟು, ನಾಳೆ ಅವರಿಗೆ ಏನಾದರೂ ಆದರೆ ಅಂಕೋಲೆಯಲ್ಲಿ ನನಗೆ ಅನ್ನ ಇಳೀತದಾ?"

ಹಾಸಿಗೆ ಸುರುಳಿ ಅವಳ ತೋಳಿನಲ್ಲಿದ್ದು ಕಾಯಿ ನನ್ನ ಕೈಗೆ ಬಂದಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು.

ಬಾಡಿಗೆಯನ್ನು ನಾನು ಅವರ ಬ್ಯಾಂಕ್ ಖಾತೆಗೆ ಕಟ್ಟುತ್ತಿದ್ದೆ. ಖಾತೆಗೆ ಚಾವಿ ಕಟ್ಟಲು ಬರುವುದಿಲ್ಲವಷ್ಟೇ. ಹಾಗಾಗಿ ಬ್ಯಾಂಕಿನವರನ್ನು ಕಾಡಿ ಬೇಡಿ, ಅವರ ಕಡತದಲ್ಲಿದ್ದ ತಾಂಡೇಲರ ವಿಳಾಸ ಬರೆದು ತಂದೆ. ಬರೆದುಕೊಳ್ಳುವಾಗ ಎಲ್ಲೋ ನೋಡಿದ ವಿಳಾಸ ಅನ್ನಿಸಿತು, ಅಷ್ಟೇ. ಮನೆ ಬಿಡುವ ವಿಚಾರವನ್ನು ಎರಡು ಪುಟ ಬರೆದು ರಿಜಿಸ್ಟರ್ಡ್ ಮಾಡಿದೆ.

ಮೂರನೇ ದಿನ ಪೋಸ್ಟ್‌ಮನ್ ನಮ್ಮ ಬಾಗಿಲಲ್ಲಿ ನಿಂತ. ಕೈಯಲ್ಲಿ ನನ್ನದೇ ಲಕೋಟೆ. ತಾಂಡೇಲರಿಗೆ ಬೇರೆ ಮನೆ ಎಲ್ಲಿದೆ? ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಬ್ಯಾಂಕು, ಎಲ್ಲದಕ್ಕೂ ಈ ಮನೆಯದೇ ವಿಳಾಸ.

"ಮಾಸ್ತರ್ರೆ, ತಾಂಡೇಲರು ಇದ್ದಾರಾ?"

"ಇಲ್ಲ."

"ಎಲ್ಲಿದ್ದಾರೆ?"

"ಅದು ಗೊತ್ತಿಲ್ಲದೆಯೇ ಈ ಪತ್ರ ಬರೆದದ್ದು."

ಅವನು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿದ. ಕಳಿಸಿದವರ ವಿಳಾಸವೂ ಅದೇ, ತಲುಪಬೇಕಾದ ವಿಳಾಸವೂ ಅದೇ. "ಇದನ್ನ ವಾಪಸ್ ಕಳಿಸಬೇಕಾದರೂ ಇಲ್ಲಿಗೇ ತರಬೇಕು," ಎಂದ. "ಇನ್ನು ಮುಂದೆ ಇಂಥದ್ದು ಬರೆದರೆ ಹೊರಗಿನ ಕೋಣೆಯಿಂದ ಒಳಗಿನ ಕೋಣೆಗೆ ನೀವೇ ಕೊಡಿ. ನನಗೆ ಬಿಸಿಲು ತಪ್ಪುತ್ತದೆ."

ಹಾಡುವ ಕೋಣೆ

ಹಾಗಾದರೆ ಫೋನು. ಶಿವರಾತ್ರಿಯ ಹೊತ್ತಿಗೆ ಬಂದಾಗ ತಾಂಡೇಲರು ಹೊಸ ಮೊಬೈಲು ತೋರಿಸಿದ್ದರು. ಆಗ ನಮ್ಮ ಕಡೆ ಅದೊಂದು ಆಭರಣ. ಪ್ಲಾಸ್ಟಿಕ್ ಚೀಲ, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಚೀಲ, ಅದರ ಮೇಲೆ ರಬ್ಬರು. ಬಿಚ್ಚುವಷ್ಟರಲ್ಲಿ ಫೋನು ಮಾಡಿದವರು ಸಾಕಾಗಿ ಇಡುತ್ತಿದ್ದರು. ಆ ನಂಬರನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೆ.

ಮನೆಯಲ್ಲಿ ಫೋನಿರಲಿಲ್ಲ. ದಿನಾ ಸಂಜೆ ರಸ್ತೆಯ ತಿರುವಿನ ಎಸ್‌ಟಿಡಿ ಬೂತಿಗೆ ಹೋಗಿ ಮಾಡುತ್ತಿದ್ದೆ. ಗಂಟೆ ಹೋಗುತ್ತಿತ್ತು, ಎತ್ತುವವರಿಲ್ಲ. "ಕಡೇಪಕ್ಷ ರೇಂಜಿನಲ್ಲಿದ್ದಾರೆ, ದಡದ ಹತ್ತಿರವೇ ಇರಬೇಕು," ಎಂದು ಬೂತಿನವನು ಧೈರ್ಯ ಹೇಳುತ್ತಿದ್ದ.

ನಾಲ್ಕನೇ ದಿನ ಮನೆಗೆ ಬಂದರೆ ಹೆಂಡತಿ, ಮಗಳು ಇಬ್ಬರೂ ಅಂಗಳದಲ್ಲಿ ನಿಂತಿದ್ದಾರೆ. ಮಗಳ ಮುಖ ಬಿಳಿಚಿಕೊಂಡಿದೆ.

"ಆ ಬೀಗ ಹಾಕಿದ ಕೋಣೆಯಲ್ಲಿ ಯಾರೋ ಹಾಡ್ತಾರೆ," ಎಂದಳು ಹೆಂಡತಿ. "ನಾಲ್ಕು ದಿನ ಆಯ್ತು. ನೀವು ಹೊರಗೆ ಹೋದ ಕೂಡಲೇ ಶುರುವಾಗ್ತದೆ, ನೀವು ಬರುವಷ್ಟರಲ್ಲಿ ನಿಲ್ತದೆ. ನಿಮಗೆ ಹೇಳಿದರೆ ನಗ್ತೀರಿ ಅಂತ ಸುಮ್ಮನಿದ್ದೆ."

ಹೋಗಿ ನೋಡಿದೆ. ಕೋಣೆಯ ಬಾಗಿಲಿಗೆ ಅರಿಶಿನ ಕುಂಕುಮ, ಹೊಸ್ತಿಲಿಗೆ ಎರಡು ಅಬ್ಬಲಿಗೆ ಹೂ, ಮೂಲೆಯಲ್ಲಿ ಉರಿದು ಮುಗಿದ ಊದುಬತ್ತಿ. ಕಿಟಕಿಯ ಸಂದಿಯಿಂದ ಟಾರ್ಚು ಬಿಟ್ಟೆ. ಹಳೆಯ ಬಲೆಯ ರಾಶಿ, ಒಂದು ಟ್ರಂಕು, ಟ್ರಂಕಿನ ಮೇಲೆ ಎರಡು ಪ್ಲಾಸ್ಟಿಕ್ ಚೀಲದೊಳಗೆ ಬೆಚ್ಚಗೆ ಮಲಗಿದ ಮೊಬೈಲು. ಉಪ್ಪುನೀರು ತಾಗಿ ಹಾಳಾಗದಿರಲೆಂದು ಅದನ್ನು ಮನೆಯಲ್ಲೇ ಇಟ್ಟು, ಖಾಲಿಯಾಗದಿರಲೆಂದು ಚಾರ್ಜಿಗೂ ಹಾಕಿ ಹೋಗಿದ್ದರು.

ಮೂರು ತಿಂಗಳಿಂದ ನನ್ನ ಮೀಟರಿನಲ್ಲಿ ಕರೆಂಟು ಕುಡಿದು, ನಾಲ್ಕು ದಿನದಿಂದ ನನ್ನ ಹೆಂಡತಿಯ ಕೈಯಲ್ಲಿ ಪೂಜೆ ಮಾಡಿಸಿಕೊಂಡ ಆ ಫೋನು ನನಗೆ ಮಾತ್ರ ಒಂದು ಸಲವೂ ಪ್ರಸನ್ನವಾಗಲಿಲ್ಲ.

ಅವರ್ಸಾದ ಅಕ್ಕ

ಒಂದು ರವಿವಾರ ಚಾವಿಯನ್ನು ಕಿಸೆಯಲ್ಲಿಟ್ಟುಕೊಂಡು ಅವರ್ಸಾಕ್ಕೆ ಹೋದೆ. ತಾಂಡೇಲರ ಅಕ್ಕ ಅಂಗಳದಲ್ಲಿ ಒಣಮೀನು ಹರಡುತ್ತಿದ್ದರು. ಕುಳಿತುಕೊಳ್ಳಲು ಹೇಳಿ, ಮುರುಗಲು ಹಣ್ಣಿನ ಪಾನಕ ಕೊಟ್ಟು, ಬಂದ ಕಾರಣ ಕೇಳಿದರು. ಹೇಳಿದೆ.

ಅಕ್ಕ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಸೆರಗು ಬಾಯಿಗೆ ಹಿಡಿದು ನಗತೊಡಗಿದರು.

"ಅಕ್ಕಾ, ನಿಜ. ನನಗೆ ವರ್ಗ ಆಗಿದೆ. ಭಾವಿಕೇರಿಗೆ."

"ಹೌದೌದು, ಆಗ್ಲಿಕ್ಕೇ ಬೇಕು." ಬೇಲಿಯಾಚೆ ನೋಡಿ ಕೂಗಿದರು: "ಏ ಬನ್ರೇ ಇಲ್ಲಿ! ನಮ್ಮ ತಮ್ಮನ ಮನೆ ಮಾಸ್ತರ್ರು ಬಂದಾರೆ. ಮತ್ತೆ ಮನೆ ಬಿಡ್ತ್ರಂತೆ!"

ನೆರೆಮನೆಯ ಹೆಂಗಸರು ಬಂದು ಸಾಲಾಗಿ ಕೂತರು. ನಾನು ಮಗಳ ಸೀಟಿನ ವಿಷಯ ಹೇಳಿದೆ, ಅವರು ನಕ್ಕರು. ಅಂಕೋಲೆಯ ಮಾಲಕರ ಒಲೆಯ ವಿಷಯ ಹೇಳಿದೆ, ಇನ್ನೂ ನಕ್ಕರು. ರಿಜಿಸ್ಟರ್ಡ್ ಪತ್ರ, ಹಾಡುವ ಕೋಣೆ ಹೇಳಿದಾಗ ಒಬ್ಬಾಕೆ ಕಂಬ ಹಿಡಿದುಕೊಂಡಳು. ಕೊನೆಗೆ ಆಣೆ ಇಟ್ಟೆ. ಆಗಂತೂ ಅಕ್ಕನ ಕಣ್ಣಲ್ಲಿ ನೀರೇ ಬಂತು. ಜೀವಮಾನದಲ್ಲಿ ನಾನು ಸತತವಾಗಿ ಅರ್ಧ ಗಂಟೆ ನಿಜ ಹೇಳಿದ್ದು ಅದೊಂದೇ ದಿನ. ಅಷ್ಟು ಜನರನ್ನು ಅಷ್ಟು ನಗಿಸಿದ್ದೂ ಅವತ್ತೇ.

ಚಾವಿ ತೆಗೆದು ಮುಂದೆ ಹಿಡಿದಾಗ ಮಾತ್ರ ಅಕ್ಕನ ನಗು ನಿಂತಿತು. ಕೈ ಹಿಂದಕ್ಕೆ ತೆಗೆದುಕೊಂಡರು.

"ಅದು ಬ್ಯಾಡ ಮಾಸ್ತರ್ರೆ. ಅದನ್ನ ಅವನ ಕೈಗೇ ಕೊಡ್ಬೇಕು. ತಮಾಷೆಗೂ ನನ್ನ ಕೈಗೆ ಇಡಬ್ಯಾಡಿ." ಒಣಮೀನಿನ ಕಡೆ ತಿರುಗಿ ಹೇಳಿದರು: "ನಿಮಗೆ ಗೊತ್ತಿಲ್ಲ. ಅವತ್ತು ನೀವು ಬಿಡ್ತೇವೆ ಅಂದಾಗ ಅವ ಇಲ್ಲಿ ಬಂದು, ಅದೇ ನೀವು ಕೂತಲ್ಲಿ ಕೂತಿದ್ದ. ಊಟ ಮಾಡ್ಲಿಲ್ಲ. ಮನೆಯಾಗೆ ದೀಪ ಉರೀತದೆ, ಮಗು ಓದ್ತದೆ, ಅಂತ ನೆನಪು ಮಾಡ್ಕಂಡೇ ನಾನು ಬೋಟಿನಾಗೆ ಮಲಗುದು ಅಕ್ಕಾ, ಅಂದ. ಬೆಳಗ್ಗೆ ಎದ್ದು ಏಣಿ ಹುಡುಕ್ತಾ ಹೋದ."

ನಾನು ಪಾನಕದ ಲೋಟದ ತಳ ನೋಡುತ್ತ ಕೂತೆ. ಆ ಏಣಿಯ ಕಥೆಯನ್ನು ಸ್ಟಾಫ್‌ರೂಮಿನಲ್ಲಿ ಇಪ್ಪತ್ತು ಸಲವಾದರೂ ಹೇಳಿರಬೇಕು. ಹೇಳುವಾಗ ಪ್ರತಿ ಸಲವೂ ಒಂದೆರಡು ಹಂಚು ಹೆಚ್ಚು ಮಾಡುತ್ತಿದ್ದೆ. ಅದರಲ್ಲಿ ಹೀಗೊಂದು ರಾತ್ರಿ ಇತ್ತೆಂದು ನನಗೆ ತಿಳಿದಿರಲಿಲ್ಲ.

ಹೊರಡುವಾಗ ಅಕ್ಕ ಒಂದು ಚೀಲ ಇಶಾಡ ಮಾವಿನಹಣ್ಣು ಕೊಟ್ಟು ಬೆನ್ನು ತಟ್ಟಿದರು. "ಚಲೋ ಆಯ್ತು ಬಂದದ್ದು. ನಗದೆ ಬಾಳ ದಿವಸ ಆಗಿತ್ತು. ಬರುವ ವರ್ಷವೂ ಮನೆ ಬಿಡುಕೆ ಬನ್ನಿ."

ಅರಬ್ಬೀ ಸಮುದ್ರಕ್ಕೆಲ್ಲ ಗೊತ್ತಾಯಿತು

ಉಳಿದದ್ದು ಬೈತಖೋಲ ಬಂದರು. ಅಲ್ಲಿ ಒಂದು ಬೋಟಿನ ಡ್ರೈವರ್ ನನ್ನ ಹಳೆಯ ವಿದ್ಯಾರ್ಥಿಯ ಅಪ್ಪ. "ಇದಕ್ಕೆಲ್ಲ ಪತ್ರ ಯಾಕೆ ಮಾಸ್ತರ್ರೆ? ವಾಯರ್‌ಲೆಸ್ ಇಲ್ವಾ?" ಎಂದು ನನ್ನನ್ನು ಬೋಟು ಹತ್ತಿಸಿ ಕ್ಯಾಬಿನ್ನಿಗೆ ಕರೆದುಕೊಂಡು ಹೋದ. ಬೋಟಿನಿಂದ ಬೋಟಿಗೆ ಮಾತಾಡುವ ಪೆಟ್ಟಿಗೆ ಅದು. ಒಬ್ಬ ಹೇಳಿದ್ದು ಆ ಚಾನೆಲ್ಲಿನಲ್ಲಿ ಕಿವಿ ಇಟ್ಟವರಿಗೆಲ್ಲ ಕೇಳಿಸುತ್ತದೆ. ಒಬ್ಬರಿಗೆ ಕೇಳಿಸದಿದ್ದರೆ ಕೇಳಿಸಿಕೊಂಡವರು ಮುಂದಿನವರಿಗೆ ದಾಟಿಸುತ್ತಾರೆ. ಬಂಗಡೆ ಮೀನು ಎಲ್ಲಿ ಸಿಕ್ಕಿತು ಎಂಬುದನ್ನು ಬಿಟ್ಟು ಉಳಿದೆಲ್ಲವನ್ನೂ ಅದರಲ್ಲಿ ನಿಜವೇ ಹೇಳುತ್ತಾರಂತೆ.

ಡ್ರೈವರ್ ಅದರ ಮೈಕನ್ನು ಬಾಯಿಯ ಹತ್ತಿರ ಹಿಡಿದು ಕೊಂಕಣಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಕೂಗಿದ: ಕಾಜುಬಾಗದ ತಾಂಡೇಲರ ಮನೆ ಖಾಲಿ ಆಗ್ತದೆ, ಮೂರು ಕೋಣೆ, ಬಾವಿ ಇದೆ, ಎರಡು ತೆಂಗಿನ ಮರ ಇದೆ, ತಾಂಡೇಲರಿಗೆ ತಿಳಿಸಬೇಕು.

ಬಾವಿ, ತೆಂಗಿನ ಮರ ಯಾಕೆ ಎಂದು ಕೇಳಿದೆ. "ಯಾವ ಮನೆ ಅಂತ ಗುರ್ತು ಸಿಗ್ಬೇಕಲ್ಲ," ಎಂದ.

ಗುರುತು ಚೆನ್ನಾಗಿಯೇ ಸಿಕ್ಕಿತು. ಮರುದಿನ ಬೆಳಿಗ್ಗೆಯಿಂದ ಜನ ಬರತೊಡಗಿದರು. ಒಬ್ಬ ಬಾವಿಗೆ ಕೊಡ ಬಿಟ್ಟು ನೀರಿನ ರುಚಿ ನೋಡಿದ. ಒಬ್ಬಳು ಅಡಿಗೆಮನೆಯಲ್ಲಿ ನಿಂತು, ಒಲೆಯ ಮೇಲೆ ನಮ್ಮ ಅನ್ನ ಬೇಯುತ್ತಿರುವಾಗಲೇ, ಒಲೆ ಆ ಕಡೆಗೆ ಇರಬೇಕಿತ್ತು ಎಂದಳು. ಒಂದು ಮದುವೆಯಾಗಬೇಕಾದ ಜೋಡಿಯೂ ಬಂತು. ಹದಿನೈದು ಮಂದಿ ಬಂದರೆಂದು ನಾನು ಹೇಳುತ್ತೇನೆ, ಆರು ಎಂದು ಹೆಂಡತಿ. ಪಾನಕ ಮಾಡಿದವಳು ಅವಳಾದ್ದರಿಂದ ನೀವು ಆರೇ ಇಟ್ಟುಕೊಳ್ಳಿ.

ಎರಡು ದಿನದ ನಂತರ ಡ್ರೈವರೇ ಮನೆಯವರೆಗೆ ಬಂದ. "ತಾಂಡೇಲರು ರತ್ನಾಗಿರಿ ಬದಿಗೆ ಇದ್ದಾರಂತೆ ಮಾಸ್ತರ್ರೆ. ಸುದ್ದಿ ಮುಟ್ಟಿದೆ."

"ಏನು ಹೇಳಿದರಂತೆ?"

ಅವನು ತಲೆ ಕೆರೆದುಕೊಂಡ. "ಏನೂ ಹೇಳ್ಲಿಲ್ಲ. ನಗಾಡಿದ್ರಂತೆ."

ಹೀಗೆ ನಾನು ಮನೆ ಬಿಡುತ್ತೇನೆಂಬುದು ಕಾರವಾರದಿಂದ ರತ್ನಾಗಿರಿಯವರೆಗೆ ನೀರಿನ ಮೇಲಿದ್ದವರೆಲ್ಲರಿಗೂ ಗೊತ್ತಾಯಿತು. ನಂಬಿದವರೆಲ್ಲ ಮನೆ ಕೇಳಲು ಬಂದರು. ನಂಬಬೇಕಾದ ಒಬ್ಬರು ಮಾತ್ರ ನಕ್ಕು ಸುಮ್ಮನಾದರು.

ಗಾಜಿನ ಡಬ್ಬಿಯಲ್ಲಿ ನಾನು

ಮೇ ತಿಂಗಳ ಕೊನೆಯ ದಿನ. ಸಾಮಾನೆಲ್ಲ ಗಂಟು ಕಟ್ಟಿ ಆಗಿದೆ. ಹನ್ನೆರಡಕ್ಕೆ ಟೆಂಪೋ ಬರುತ್ತದೆ. ನಾಳೆ ಬೆಳಗಾದರೆ ಒಂದನೇ ತಾರೀಕು, ಅಂಕೋಲೆಯಲ್ಲಿ ಒಲೆ ಹತ್ತಬೇಕು, ಇಲ್ಲದಿದ್ದರೆ ಮಗಳಿಗೆ ಶಾಲೆ ಇದೆ, ಮನೆ ಇಲ್ಲ. ಹೆಂಡತಿ ಗಂಟುಗಳ ನಡುವೆ ಕೂತು, ತಾಂಡೇಲರಿಗೆ ಹೇಳದೆ ಈ ಬಾಗಿಲಿಗೆ ಬೀಗ ಹಾಕುವುದಿಲ್ಲ ಎನ್ನುತ್ತಿದ್ದಾಳೆ.

ಮನುಷ್ಯ ಎಷ್ಟು ದಿನ ನಿಜ ಹೇಳಿಯಾನು? ನಾನು ಹೇಳಿದೆ: "ರತ್ನಾಗಿರಿಯ ಒಂದು ಐಸ್ ಫ್ಯಾಕ್ಟರಿಯ ನಂಬರು ಸಿಕ್ಕಿದೆ. ಹತ್ತು ಗಂಟೆಗೆ ತಾಂಡೇಲರು ಅಲ್ಲಿಗೆ ಬಂದಿರ್ತಾರೆ. ಹೋಗಿ ಮಾತಾಡಿ ಬರ್ತೇನೆ."

"ನಾನೂ ಬರ್ತೇನೆ," ಎಂದಳು.

ಮೂವರೂ ಬೂತಿಗೆ ಹೋದೆವು. ಆ ಗಾಜಿನ ಡಬ್ಬಿಯ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಒಳಗೆ ಆಡಿದ್ದು ಹೊರಗಿನ ಬೆಂಚಿಗೆ ಕೇಳಿಸುತ್ತಿತ್ತು. ಅವತ್ತು ನನಗೆ ಬೇಕಾದದ್ದೂ ಅದೇ. ಹೊರಗಿನವರಿಗೆ ಬೆನ್ನು ಮಾಡಿ, ರಿಸೀವರ್ ಎತ್ತಿ, ಒಂದಷ್ಟು ಗುಂಡಿ ಒತ್ತಿದಂತೆ ಮಾಡಿದೆ. ಮೀಟರಿನಲ್ಲಿ ಅಂಕಿ ಓಡಲಿಲ್ಲ. ಬೂತಿನವನು ಮೀಟರು ನೋಡಿದ, ನನ್ನನ್ನು ನೋಡಿದ, ಹೊರಗೆ ನಿಂತ ಹೆಂಡತಿಯನ್ನು ನೋಡಿದ, ಪೇಪರು ಬಿಡಿಸಿಕೊಂಡು ಮುಖ ಮುಚ್ಚಿಕೊಂಡ. ಅವನಿಗೂ ಮದುವೆಯಾಗಿತ್ತು.

"ಹಲೋ! ತಾಂಡೇಲರಾ? ನಾನು ಮಾಸ್ತರ... ಹೌದು, ನಿಜವಾಗಿಯೂ ಬಿಡ್ತೇವೆ, ಇವತ್ತೇ... ಏನು? ಬೇಜಾರಿಲ್ಲವಾ? ಛೆ, ನಿಮ್ಮದು ದೊಡ್ಡ ಮನಸ್ಸು... ಚಾವಿ ಪಕ್ಕದ ಮನೆಯಲ್ಲಿ ಕೊಟ್ಟರೆ ಸಾಕಾ? ಕೈಗೇ ಕೊಡಬೇಕು ಅಂತ ಇಲ್ಲವಾ? ಒಳ್ಳೆದಾಯ್ತು."

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೊರಗೆ ಸದ್ದಿಲ್ಲ, ಕೇಳುತ್ತಿದ್ದಾರೆ ಎಂದು ಹುರುಪು ಬಂತು.

"ಏನಂದಿರಿ? ಎರಡೂ ಮರದ ಕಾಯಿ ನಾವೇ ಕೊಯ್ದುಕೊಂಡು ಹೋಗಬೇಕಾ? ಬೇಡ ತಾಂಡೇಲರೇ... ಅಷ್ಟು ಒತ್ತಾಯ ಮಾಡಿದರೆ ಇಲ್ಲ ಅನ್ನಲಿಕ್ಕಾಗ್ತದಾ... ಮಳೆಗಾಲ ಕಳೆದ ಮೇಲೆ ಮೊದಲ ಇಸ್ವಾಣ ಅಂಕೋಲೆಗೆ ಕಳಿಸ್ತೀರಾ? ಅಯ್ಯೋ... ಹಾಂ? ನೀವು ಇಲ್ಲಿದ್ದಿದ್ದರೆ ನಮ್ಮ ಕಬ್ಬಿಣದ ಕಪಾಟನ್ನು ನೀವೇ ಎ‌ತ್ತಿ ಟೆಂಪೋಗೆ ಹಾಕುತ್ತಿದ್ದಿರಾ? ಗೊತ್ತು, ಗೊತ್ತು... ತಾಂಡೇಲರೇ? ಅಳ್ತಾ ಇದ್ದೀರಾ? ಛೆ, ಗಂಡಸರು ಅಳಬಾರದು, ಸುಮ್ಮನಿರಿ..."

"ಮುಗೀತಾ ಮಾಸ್ತರ್ರೆ?" ಬೆನ್ನ ಹಿಂದೆ ದನಿ ಕೇಳಿತು. "ಮುಗಿದ್ರೆ ಫೋನ್ ಕೊಡಿ. ನನಗೂ ಒಂದು ಮಾಡುಕಿತ್ತು."

ತಿರುಗಿದೆ. ಬಾಗಿಲಲ್ಲಿ ತಾಂಡೇಲರು. ಅವರ ಹಿಂದೆ ಹೆಂಡತಿ, ತುಟಿಯ ಮೇಲೆ ಬೆರಳಿಟ್ಟುಕೊಂಡು. ಅವಳು ಅವರನ್ನು ಚಾವಿಯ ಮಾತು ಬರುವಾಗಲೇ ನೋಡಿದ್ದಳಂತೆ. ನೋಡಿಯೂ ಸುಮ್ಮನಿರಿ ಎಂದು ಸನ್ನೆ ಮಾಡಿದ್ದಳಂತೆ. ನಾನು ರಿಸೀವರಿನೊಳಗಿನ ತಾಂಡೇಲರಿಗೆ, "ಒಂದು ನಿಮಿಷ, ಇಡಬೇಡಿ," ಎಂದೆನೆಂದು ಮಗಳು ಇವತ್ತಿಗೂ ಎಲ್ಲರಿಗೂ ಹೇಳುತ್ತಾಳೆ. ಸುಳ್ಳಿರಬೇಕು. ಅವಳು ಯಾರ ಮಗಳು?

"ರತ್ನಾಗಿರಿಯಿಂದ ನಾನು ಏನೇನು ಹೇಳಿದೆ?" ಎಂದು ತಾಂಡೇಲರು ಕೇಳಿದರು.

ಹೆಂಡತಿ ಬೆರಳು ಮಡಿಸಿ ಒಪ್ಪಿಸಿದಳು. "ಎರಡು ಮರದ ಕಾಯಿ. ಮೊದಲನೇ ಇಸ್ವಾಣ. ಕಪಾಟು ನೀವೇ ಎತ್ತುದು. ಮತ್ತೆ ಅತ್ತಿರಿ."

"ಅತ್ತೆನಾ? ಬಾಳ ಹೊತ್ತಾ?"

"ಸುಮಾರು ಅತ್ತಿರಿ."

ಅವರು ತಲೆಯಾಡಿಸಿದರು. ಆದರೂ ನಂಬಿದ ಮುಖವಲ್ಲ. "ನಡೀರಿ, ಹೊಗೆ ನೋಡುವಾ," ಎಂದು ನಮ್ಮ ಜೊತೆ ಮನೆಗೆ ಬಂದರು.

ಬಾಗಿಲಲ್ಲಿ ನಿಂತರು. ಗಂಟುಗಳನ್ನು ನೋಡಿದರು. ಹಗ್ಗ ಸುತ್ತಿದ ಕಪಾಟನ್ನು ಕೈಯಿಂದ ತಟ್ಟಿದರು. ಕ್ಯಾಲೆಂಡರು ತೆಗೆದ ಕಡೆ ಗೋಡೆಯ ಮೇಲೆ ಚೌಕಾಕಾರ ಬಿಳಿಯಾಗಿತ್ತು, ಮೇಲೆ ಮೊಳೆಯ ತೂತು. ಅದರಲ್ಲಿ ಕಿರುಬೆರಳು ಇಟ್ಟು ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನಿಜವೇ ಹೇಳಿದ್ರಿ ಅಂತ ಆಯ್ತು," ಎಂದರು. "ಮಾಸ್ತರ್ರೆ, ನಾನು ರತ್ನಾಗಿರಿಗೆ ಹೋಗ್ಲೇ ಇಲ್ಲ. ಹನ್ನೆರಡು ದಿವಸ ಆಯ್ತು, ಬೈತಖೋಲದಲ್ಲೇ ಬೋಟಿನಾಗೆ ಮಲಗ್ತೇನೆ. ನೀವು ಕೇಳಿದ್ರೆ ರತ್ನಾಗಿರಿ ಅನ್ನಿ ಅಂತ ಬೋಟಿನವರಿಗೆ ನಾನೇ ಹೇಳಿಟ್ಟಿದ್ದೆ."

"ಯಾಕೆ?"

"ಕಣ್ಣು ಸರಿ ಕಾಣುದಿಲ್ಲ. ಇನ್ನು ಬೋಟು ಹತ್ತಬೇಡ ಅಂದ್ರು ಡಾಕ್ಟರು. ಬೋಟು ಬಿಟ್ಟ ಮೇಲೆ ನಾನು ಎಲ್ಲಿ ಇರುದು? ಅಕ್ಕನ ಮನೆಯಾಗೆ ಎಷ್ಟು ದಿವಸ? ನನ್ನ ಮನೆ ನನಗೆ ಬೇಕಾಗಿತ್ತು. ಆದ್ರೆ ಯಾವತ್ತೂ ಬಿಡಿ ಅನ್ನುದಿಲ್ಲ ಅಂತ ಇದೇ ಮೆಟ್ಟಿಲ ಮೇಲೆ ಕಾಯಿ ಒಡೆದವ ನಾನೇ ಅಲ್ದಾ? ಮೂರು ಸಲ ರಸ್ತೆ ತಿರುವಿನವರೆಗೆ ಬಂದು ವಾಪಸ್ ಹೋದೆ. ಇವತ್ತು ಅಕ್ಕನಿಗೆ ಫೋನ್ ಮಾಡಿ, ನೀನಾದ್ರೂ ಮಾಸ್ತರ್ರಿಗೆ ಒಂದು ಮಾತು ಹೇಳು ಅನ್ನುಕೆ ಬೂತಿಗೆ ಬಂದದ್ದು."

"ವಾಯರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟಿತ್ತಲ್ಲ! ನಾವೇ ಬಿಡ್ತೇವೆ ಅಂತ!"

"ಮೂರು ಬೋಟಿನವರು ಹೇಳಿದ್ರು. ನಂಬಿ ಖುಷಿಯಿಂದ ಓಡಿ ಬಂದ್ರೆ, 'ಓಹೋ, ನಮ್ಮನ್ನ ಓಡಿಸುಕೆ ಕಾಯ್ತಿದ್ರಾ' ಅಂತ ನೀವು ಬಾಗಿಲಲ್ಲಿ ನಿಂತು ನಗಾಡಿದ್ರೆ? ಅದಕ್ಕೇ ನಾನೇ ಮೊದಲು ನಗಾಡಿ ಸುಮ್ಮನಾದೆ."

ನಾನು ಪತ್ರ, ಫೋನು, ವಾಯರ್‌ಲೆಸ್ಸು ಎಲ್ಲದರ ಮೇಲೂ ತಪ್ಪು ಹೊರಿಸುತ್ತ ಒಂದು ತಿಂಗಳು ಕಳೆದಿದ್ದೆ. ರಿಕ್ಷಾದಲ್ಲಿ ಹತ್ತು ನಿಮಿಷದ ದಾರಿಯಲ್ಲಿ, ಒಂದೇ ಮಾತನ್ನು ಹೇಳಬೇಕಾದ ಇಬ್ಬರು ಕೂತಿದ್ದೆವು. ನಡುವೆ ಒಂದು ಏಣಿ ಇತ್ತು. ಅದನ್ನು ಅಲ್ಲಿ ನಿಲ್ಲಿಸಿದವನು ನಾನು.

"ಆ ಹಂಚಿನ ವಿಷಯ, ತಾಂಡೇಲರೇ..." ಎಂದು ಶುರುಮಾಡಿದೆ.

"ಈಗ ಸೋರುದಿಲ್ಲ ಅಲ್ದಾ?"

"ಇಲ್ಲ."

"ಮತ್ತೆಂತ? ಇನ್ನು ಅದರ ಅಡಿಗೆ ಮಲಗುವವ ನಾನೇ."

ಟೆಂಪೋ ಬಂತು. ತಾಂಡೇಲರು ಪಂಚೆ ಎತ್ತಿ ಕಟ್ಟಿದರು. ಬೇಡವೆಂದರೂ ಕೇಳದೆ, "ಹೇಳಿದವ ನಾನೇ ಅಲ್ದಾ, ರತ್ನಾಗಿರಿಯಿಂದ," ಎಂದು ಕಪಾಟಿನ ಒಂದು ಬದಿ ಹಿಡಿದರು. ಮರ ಹತ್ತುವವನನ್ನು ಕರೆಸಿ ಎರಡೂ ಮರದ ಕಾಯಿ ಕೊಯ್ಯಿಸಿ ಟೆಂಪೋದಲ್ಲಿ ತುಂಬಿಸಿದರು. ಮೊದಲ ಇಸ್ವಾಣವನ್ನು ತಮ್ಮ ಬೋಟಿನವರ ಕೈಯಲ್ಲಿ ಅಂಕೋಲೆಗೆ ಕಳಿಸುತ್ತೇನೆಂದು ವಿಳಾಸ ಬರೆಸಿಕೊಂಡರು. ಹೆಂಡತಿ ಬೀಗ ಹಾಕಿ, ಚಾವಿಯನ್ನು ನನ್ನ ಕೈಗೆ ಕೊಡದೆ ತಾನೇ ಅವರ ಅಂಗೈಯಲ್ಲಿಟ್ಟಳು. ಅದೇ ಮೆಟ್ಟಿಲಿಗೆ ಅವರು ಒಂದು ಕಾಯಿ ಒಡೆದು ಒಂದು ಹೋಳು ಚಾಚಿದರು. ಈ ಸಲ ನಾನು ಎರಡೂ ಕೈ ಖಾಲಿ ಇಟ್ಟುಕೊಂಡು ಕಾದಿದ್ದೆ, ಮೊದಲು ನಾನೇ ಹಿಡಿದೆ.

ಟೆಂಪೋ ಹೊರಟಿತು. ತಾಂಡೇಲರು ಗೇಟಿನಲ್ಲಿ ನಿಂತು ಕೈ ಎತ್ತಿದರು. ತಿರುವು ಮುಟ್ಟುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು. ಓಡೋಡಿ ಬರುತ್ತಿದ್ದಾರೆ. ಏನೋ ಬಿಟ್ಟುಬಂದೆವೆಂದು ಗಾಡಿ ನಿಲ್ಲಿಸಿದೆವು. ಕಿಟಕಿ ಹಿಡಿದು ನಿಂತರು; ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಎರಡೂ ಕೆನ್ನೆ ಒದ್ದೆ.

"ಏನಾಯ್ತು ತಾಂಡೇಲರೇ?"

ಅವರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು.

"ಎಂತ ಇಲ್ಲ ಮಾಸ್ತರ್ರೆ. ಫೋನಿನಾಗೆ ಅತ್ತೆ ಅಂದ್ರಲ್ಲ, ಅದೊಂದು ಬಾಕಿ ಉಳಿದಿತ್ತು."